ಪುರಿ ಚೆಲ್ಲಿ ನೀರಿನ ವೇಗ ಅಳೆಯೋಣ: ಮೊಬೈಲ್ ವಿಡಿಯೊದಲ್ಲಿ ಆಪ್ಟಿಕಲ್ ಫ್ಲೋ ಪ್ರಯೋಗ

ನಾಲೆಗೆ ನೀರು ಬಿಟ್ಟ ವಾರ ನಮ್ಮೂರಲ್ಲಿ ಒಂದೇ ಜಗಳ. ಮೇಲಿನ ಗದ್ದೆಯವರು ‘ಬೇಕಾದಷ್ಟು ಬರ್ತಾ ಇದೆ’ ಅಂತಾರೆ, ಕೊನೆ ಭಾಗದವರು ‘ಕಾಲು ತೊಳೆಯೋಕೂ ಸಾಲಲ್ಲ’ ಅಂತಾರೆ. ನೀರಿನ ವೇಗ ಅಳೆಯುವ ಮೀಟರು ಯಾರ ಹತ್ತಿರವೂ ಇಲ್ಲ, ಮೊಬೈಲು ಎಲ್ಲರ ಜೇಬಿನಲ್ಲೂ ಇದೆ. ಮೋರಿಯ ಮೇಲೆ ನಿಂತು ಹತ್ತು ಸೆಕೆಂಡು ವಿಡಿಯೊ ಹಿಡಿದು, ನೀರು ಎಷ್ಟು ವೇಗವಾಗಿ ಹೋಗುತ್ತಿದೆ ಎಂದು ಲೆಕ್ಕ ಹಾಕಬಹುದೇ? ಹಾಕಬಹುದು. ಆದರೆ ನಾನು ಮೊದಲ ಸಲ ಹಾಕಿದಾಗ ಬಂದ ಉತ್ತರ ನಿಜವಾದ ವೇಗದ ಅರ್ಧದಷ್ಟೂ ಇರಲಿಲ್ಲ. ಪ್ರೋಗ್ರಾಂ ಮಾತ್ರ ಒಂದು ಎರರ್ ಕೂಡ ತೋರಿಸದೆ, ದಶಮಾಂಶದ ಮೂರು ಸ್ಥಾನದವರೆಗೆ ಅಂಕಿ ಬರೆದು ಕೊಟ್ಟಿತ್ತು.

ಒಂದು ಫ್ರೇಮಿನಿಂದ ಮುಂದಿನ ಫ್ರೇಮಿಗೆ ಪ್ರತಿ ಚುಕ್ಕೆ ಯಾವ ಕಡೆಗೆ, ಎಷ್ಟು ಪಿಕ್ಸೆಲ್ ಸರಿಯಿತು ಎಂದು ಹುಡುಕುವ ಲೆಕ್ಕಕ್ಕೆ ಆಪ್ಟಿಕಲ್ ಫ್ಲೋ ಎಂದು ಹೆಸರು. ಈ ಲೆಕ್ಕಕ್ಕೆ ‘ಗೊತ್ತಿಲ್ಲ’ ಎನ್ನಲು ಬರುವುದಿಲ್ಲ. ಸುಣ್ಣ ಬಳಿದ ಗೋಡೆ ತೋರಿಸಿದರೂ ಏನಾದರೊಂದು ವೇಗ ಹೇಳಿಯೇ ಹೇಳುತ್ತದೆ. ಹಾಗಾಗಿ ಈ ಲೇಖನದಲ್ಲಿ ನಾಲೆಗೆ ಹೋಗುವುದು ತಡವಾಗಿ. ಅದಕ್ಕೂ ಮೊದಲು, ಉತ್ತರ ನಮಗೆ ಮುಂಚೆಯೇ ಗೊತ್ತಿರುವ ಎರಡು ಪರೀಕ್ಷೆಗಳಲ್ಲಿ ಅದನ್ನು ಪಾಸು ಮಾಡಿಸಬೇಕು.

ಲೆಕ್ಕದ ಒಳಗೆ ಇಣುಕಿದರೆ

ಇಡೀ ಕಟ್ಟಡ ನಿಂತಿರುವುದು ಒಂದು ನಂಬಿಕೆಯ ಮೇಲೆ: ವಸ್ತು ಸರಿದರೂ ಅದರ ಹೊಳಪು ಬದಲಾಗುವುದಿಲ್ಲ. ಈ ಫ್ರೇಮಿನಲ್ಲಿ ಬೂದು ಬಣ್ಣದ ಚುಕ್ಕೆ ಇದ್ದರೆ ಮುಂದಿನ ಫ್ರೇಮಿನಲ್ಲಿ ಅಷ್ಟೇ ಬೂದು ಬಣ್ಣದ ಚುಕ್ಕೆ ಪಕ್ಕದಲ್ಲೆಲ್ಲೋ ಇರಬೇಕು. ಇದನ್ನು ಗಣಿತಕ್ಕೆ ಇಳಿಸಿದರೆ ಪ್ರತಿ ಪಿಕ್ಸೆಲ್‌ಗೆ ಒಂದು ಸಮೀಕರಣ ಸಿಗುತ್ತದೆ: ಹೊಳಪಿನ ಅಡ್ಡ ಇಳಿಜಾರು (ಅಡ್ಡಕ್ಕೆ ಒಂದು ಪಿಕ್ಸೆಲ್ ಸರಿದರೆ ಹೊಳಪು ಎಷ್ಟು ಬದಲಾಗುತ್ತದೆ ಎಂಬುದು) ಗುಣಿಸು ಅಡ್ಡ ವೇಗ, ಕೂಡಿಸು ಹೊಳಪಿನ ಉದ್ದ ಇಳಿಜಾರು ಗುಣಿಸು ಉದ್ದ ವೇಗ, ಕೂಡಿಸು ಕಾಲದೊಂದಿಗೆ ಆದ ಬದಲಾವಣೆ, ಎಲ್ಲ ಸೇರಿ ಸೊನ್ನೆ. ಸಮೀಕರಣ ಒಂದು, ಗೊತ್ತಿಲ್ಲದ್ದು ಎರಡು. ತೊಂದರೆ ಇಲ್ಲೇ ಶುರು.

ಒಂದು ಆಟ ಆಡಿ ನೋಡಿ. ಪೇಪರಿಗೆ ಎಂಟಾಣೆ ಅಗಲದ ತೂತು ಮಾಡಿ, ಅದರ ಕೆಳಗೆ ಪಟ್ಟಾಪಟ್ಟಿ ಚಡ್ಡಿಯ ಬಟ್ಟೆ ಹಿಡಿದು ಪಟ್ಟೆಯ ಉದ್ದಕ್ಕೆ ಎಳೆಯಿರಿ. ತೂತಿನಲ್ಲಿ ಏನೂ ಅಲುಗುವುದಿಲ್ಲ. ಮೂಲೆಯಿಂದ ಮೂಲೆಗೆ ಎಳೆಯಿರಿ, ಪಟ್ಟೆಗಳು ನೇರ ಪಕ್ಕಕ್ಕೆ ಸರಿದಂತೆ ಕಾಣುತ್ತವೆ. ಕಂಪ್ಯೂಟರ್ ನೋಡುವುದೂ ಇಂಥ ತೂತಿನಿಂದಲೇ. ಪಟ್ಟೆಗೆ ಅಡ್ಡಲಾದ ಚಲನೆ ಮಾತ್ರ ಅದಕ್ಕೆ ತಿಳಿಯುತ್ತದೆ, ಪಟ್ಟೆಯ ಗುಂಟದ ಚಲನೆ ತಿಳಿಯುವುದಿಲ್ಲ. ಇನ್ನು ಒಂದೇ ಬಣ್ಣದ ನುಣುಪಾದ ಬುಗುರಿ ನೆಟ್ಟಗೆ ನಿಂತು ತಿರುಗುವಾಗ ಅಲುಗದೆ ನಿಂತಂತೆಯೇ ಕಾಣುತ್ತದಲ್ಲ, ಅಲ್ಲಿ ಚಲನೆ ಇದೆ, ಫ್ಲೋ ಇಲ್ಲ. ಬುಗುರಿಯನ್ನು ಸುಮ್ಮನೆ ನಿಲ್ಲಿಸಿ ಟಾರ್ಚ್ ಆಡಿಸಿದರೆ ಫ್ಲೋ ಇದೆ, ಚಲನೆ ಇಲ್ಲ. ನಾಲೆಯ ನೀರಿನಲ್ಲಿ ಈ ಎರಡೂ ಮೋಸಗಳು ಒಟ್ಟಿಗೆ ಎದುರಾಗುತ್ತವೆ.

1981ರಲ್ಲಿ ಈ ಗಂಟು ಬಿಡಿಸಲು ಎರಡು ದಾರಿಗಳು ಬಂದವು. ಎಂಐಟಿಯ ಹಾರ್ನ್ ಮತ್ತು ಶುಂಕ್, ಅಕ್ಕಪಕ್ಕದ ಪಿಕ್ಸೆಲ್‌ಗಳ ವೇಗ ನಯವಾಗಿ ಬದಲಾಗಬೇಕು ಎಂಬ ಷರತ್ತು ಹಾಕಿ ಇಡೀ ಚಿತ್ರಕ್ಕೆ ಒಟ್ಟಿಗೆ ಉತ್ತರ ಹುಡುಕಿದರು. ಕಾರ್ನೆಗಿ ಮೆಲನ್‌ನ ಲ್ಯೂಕಾಸ್ ಮತ್ತು ಕನಾಡೆ, ಒಂದು ಸಣ್ಣ ಚೌಕದೊಳಗಿನ ಎಲ್ಲ ಪಿಕ್ಸೆಲ್‌ಗಳೂ ಒಟ್ಟಿಗೇ ಸರಿಯುತ್ತವೆ ಎಂದು ಭಾವಿಸಿದರು. 21ಕ್ಕೆ 21ರ ಚೌಕವಾದರೆ 441 ಸಮೀಕರಣ, ಗೊತ್ತಿಲ್ಲದ್ದು ಆಗಲೂ ಎರಡೇ. ಒಟ್ಟು ತಪ್ಪು ಅತಿ ಕಡಿಮೆಯಾಗುವ ಉತ್ತರ ಆರಿಸುವ ಕನಿಷ್ಠ ವರ್ಗ ವಿಧಾನದಿಂದ ಬಿಡಿಸಬಹುದು, ಆದರೆ ಆ ಚೌಕದಲ್ಲಿ ಮೂಲೆಯಂಥ ಏನಾದರೂ ಇರಬೇಕು, ಬರೀ ಪಟ್ಟೆ ಇದ್ದರೆ ಆಗದು. ಹಿಂಬಾಲಿಸಲು ಯೋಗ್ಯವಾದ ಅಂಥ ಜಾಗಗಳನ್ನು ಆರಿಸುವ ಬಗೆಯನ್ನು 1994ರಲ್ಲಿ ಶಿ ಮತ್ತು ತೊಮಾಸಿ ಹೇಳಿದರು. ಪ್ರತಿ ಪಿಕ್ಸೆಲ್‌ಗೂ ವೇಗ ಕೊಡುವ, ಇಂದು ಎಲ್ಲರ ಕೈಗೂ ಸುಲಭವಾಗಿ ಸಿಗುವ ಇನ್ನೊಂದು ವಿಧಾನ ಸ್ವೀಡನ್ನಿನ ಗುನ್ನಾರ್ ಫಾರ್ನೆಬ್ಯಾಕ್ 2003ರಲ್ಲಿ ಪ್ರಕಟಿಸಿದ್ದು.

ಸಾಮಾನು

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ, ಅದರಲ್ಲಿ ಚಿತ್ರ, ವಿಡಿಯೊ ಕೆಲಸಕ್ಕೆ ಓಪನ್‌ಸಿವಿ, ಅಂಕಿಗಳ ಲೆಕ್ಕಕ್ಕೆ ನಮ್‌ಪೈ. ಇಷ್ಟೇ. ಒಳ್ಳೆಯ ಕಂಪ್ಯೂಟರ್ ಇಲ್ಲದವರು ಬ್ರೌಸರಿನಲ್ಲೇ ಗೂಗಲ್ ಕೊಲ್ಯಾಬ್ ತೆರೆದುಕೊಳ್ಳಿ. ಕೆಳಗೆ ಫಂಕ್ಷನ್ ಹೆಸರುಗಳನ್ನು ಉಚ್ಚಾರಕ್ಕೆ ತಕ್ಕಂತೆ ಬರೆದಿದ್ದೇನೆ. ಟೈಪಿಸಲು ಶುರು ಮಾಡಿದರೆ ಎಡಿಟರ್ ತಾನೇ ಪೂರ್ತಿ ಮಾಡಿಕೊಡುತ್ತದೆ.

ಮೊದಲ ಪರೀಕ್ಷೆ: ಚಿತ್ರವನ್ನು ನೀವೇ ಸರಿಸಿ

ವಿಡಿಯೊ ಬೇಡ, ಒಂದು ಫೋಟೊ ಸಾಕು. ಜಲ್ಲಿ ರಾಶಿಯೋ ಹುಲ್ಲೋ, ಮೈತುಂಬ ವಿವರ ಇರುವಂಥದ್ದು. ಅದನ್ನು ಕಪ್ಪುಬಿಳುಪು ಮಾಡಿ, ನಮ್‌ಪೈಯ ‘ರೋಲ್’ ಬಳಸಿ 3 ಪಿಕ್ಸೆಲ್ ಬಲಕ್ಕೆ, 2 ಪಿಕ್ಸೆಲ್ ಕೆಳಕ್ಕೆ ಸರಿಸಿ. ಮೂಲ ಚಿತ್ರ ಮತ್ತು ಸರಿಸಿದ ಚಿತ್ರ ಎರಡನ್ನೂ ‘ಕ್ಯಾಲ್ಕ್ ಆಪ್ಟಿಕಲ್ ಫ್ಲೋ ಫಾರ್ನೆಬ್ಯಾಕ್’ಗೆ ಕೊಡಿ. ಓಪನ್‌ಸಿವಿಯ ಮಾದರಿಗಳಲ್ಲಿ ಕಾಣುವ ಅಂಕಿಗಳಿಂದಲೇ ಶುರು ಮಾಡಬಹುದು: ಪಿರಮಿಡ್ ಅನುಪಾತ 0.5, ಮಟ್ಟಗಳು 3, ಕಿಟಕಿ 15, ಸುತ್ತುಗಳು 3, ನೆರೆಹೊರೆ 5, ಸಿಗ್ಮಾ 1.2.

ಉತ್ತರ ಎಲ್ಲೆಡೆ 3 ಮತ್ತು 2ರ ಆಸುಪಾಸು ಬರಬೇಕು. ಅಂಚುಗಳಲ್ಲಿ ಕೆಟ್ಟಿರುತ್ತದೆ, ಅದು ಸಹಜ. ‘ರೋಲ್’ ಒಂದು ಅಂಚಿನಲ್ಲಿ ಹೊರಬಿದ್ದದ್ದನ್ನು ಎದುರಿನ ಅಂಚಿಗೆ ತಂದು ಅಂಟಿಸುತ್ತದೆ. 2 ಮತ್ತು 3 ಅದಲುಬದಲಾಗಿ ಬಂದರೆ ನೀವು ಸಾಲು ಮತ್ತು ಕಂಬಗಳನ್ನು ಗೊಂದಲ ಮಾಡಿಕೊಂಡಿದ್ದೀರಿ. ಚಿತ್ರದಲ್ಲಿ ಮೊದಲು ಸಾಲು, ಆಮೇಲೆ ಕಂಬ. ಫ್ಲೋನಲ್ಲಿ ಮೊದಲು ಅಡ್ಡ ವೇಗ, ಆಮೇಲೆ ಉದ್ದ ವೇಗ. ಕೆಳಮುಖ ಚಲನೆಗೆ ಕೂಡು ಚಿಹ್ನೆ. ನಾನು ಈ ಒಂದು ತಪ್ಪಿಗೆ ಒಂದು ಸಂಜೆ ಕಳೆದಿದ್ದೇನೆ.

ಈಗ ಹಿಂಸೆ ಕೊಡಿ. ಸರಿಸಿದ ಚಿತ್ರದ ಹೊಳಪು 20 ಹೆಚ್ಚಿಸಿ. 0.4 ಪಿಕ್ಸೆಲ್ ಮಾತ್ರ ಸರಿಸಿ (ಇದಕ್ಕೆ ‘ವಾರ್ಪ್ ಅಫೈನ್’ ಬೇಕು). 40 ಪಿಕ್ಸೆಲ್ ಸರಿಸಿ. ಮರಳು ಎರಚಿದಂತೆ ನಾಯ್ಸ್ ಸೇರಿಸಿ. ಪ್ರತಿ ಸಲವೂ ಬಂದ ಉತ್ತರಕ್ಕೂ ನಿಜಕ್ಕೂ ಎಷ್ಟು ಅಂತರ ಎಂದು ಬರೆದಿಡಿ. 40 ಪಿಕ್ಸೆಲ್‌ನ ಪ್ರಯೋಗದಲ್ಲಿ ಪಿರಮಿಡ್ ಯಾಕೆ ಬೇಕು ಎಂದು ತಿಳಿಯುತ್ತದೆ. ಒಂದೊಂದು ಮಟ್ಟ ಮೇಲೇರಿದಾಗಲೂ ಚಿತ್ರ ಅರ್ಧಕ್ಕೆ ಇಳಿಯುತ್ತದೆ, ಮೂರು ಮೆಟ್ಟಿಲು ಮೇಲೆ ಆ 40 ಪಿಕ್ಸೆಲ್ ಬರೀ 5 ಆಗಿರುತ್ತದೆ. ಅಲ್ಲಿ ಒರಟು ಉತ್ತರ ಹಿಡಿದು ಮೆಟ್ಟಿಲಿಳಿಯುತ್ತ ತಿದ್ದಿಕೊಳ್ಳುವುದು ಉಪಾಯ.

ಕೊನೆಗೆ ಬರೀ ಗೋಡೆಯ ಫೋಟೊ ತೆಗೆದು, ಇದೇ ರೀತಿ 3 ಪಿಕ್ಸೆಲ್ ಸರಿಸಿ, ಸ್ವಲ್ಪ ನಾಯ್ಸ್ ಸೇರಿಸಿ ಕೊಡಿ. ಫಾರ್ನೆಬ್ಯಾಕ್ 3ರ ಬದಲು ಸೊನ್ನೆಯ ಹತ್ತಿರದ ಉತ್ತರ ಕೊಡುತ್ತದೆ. ಇದನ್ನು ನೆನಪಿಡಿ, ನಾಲೆಯಲ್ಲಿ ನನ್ನ ಅರ್ಧ ಉತ್ತರದ ಗುಟ್ಟು ಇದೇ.

ಎರಡನೇ ಪರೀಕ್ಷೆ: ಬಾಗಿಲಿಗೆ ನಿಂಬೆಹಣ್ಣು

ಈಗ ನಿಜವಾದ ಕ್ಯಾಮೆರಾ. ಬಾಗಿಲ ಮೇಲ್ಚೌಕಟ್ಟಿನಿಂದ ದಾರಕ್ಕೆ ಒಂದು ನಿಂಬೆಹಣ್ಣು ಇಳಿಬಿಡಿ. ಕಟ್ಟಿದ ಜಾಗದಿಂದ ಹಣ್ಣಿನ ನಡುವಿಗೆ ಸರಿಯಾಗಿ 1 ಮೀಟರ್ ಇರಲಿ. ಹಣ್ಣಿನ ಮೇಲೆ ಸ್ಕೆಚ್ ಪೆನ್ನಿನಲ್ಲಿ ಏಳೆಂಟು ಚುಕ್ಕೆ ಇಡಿ. (ದೃಷ್ಟಿಗೆ ಕಟ್ಟಿದ್ದಾರೆ ಎಂದು ಪಕ್ಕದ ಮನೆಯವರು ತಿಳಿದರೆ ತಿಳಿಯಲಿ.) ಮೊದಲು ನಾನು ಹಿತ್ತಾಳೆ ಬೀಗ ಕಟ್ಟಿದ್ದೆ. ಅದು ತೂಗಾಡುವಾಗ ಮೈಮೇಲಿನ ಬೆಳಕಿನ ಹೊಳಪು ಬೀಗದ ಜೊತೆ ಹೋಗದೆ ಬೇರೆಯೇ ದಾರಿ ಹಿಡಿಯಿತು, ಬಿಂದುಗಳನ್ನು ಫ್ರೇಮಿನಿಂದ ಫ್ರೇಮಿಗೆ ಹಿಂಬಾಲಿಸುವ ಟ್ರ್ಯಾಕಿಂಗ್ ಅದರ ಹಿಂದೆ ಹೋಯಿತು. ಹೊಳೆಯುವ ವಸ್ತು ಬೇಡ.

ಕ್ಯಾಮೆರಾವನ್ನು ಅಲುಗಾಡದಂತೆ ಎದುರಿಗೆ ಇಟ್ಟು, ಹಣ್ಣನ್ನು 10 ಸೆಂಟಿಮೀಟರ್ ಪಕ್ಕಕ್ಕೆಳೆದು ಬಿಡಿ. ತೂಗುವುದು ಕ್ಯಾಮೆರಾಗೆ ಅಡ್ಡಲಾಗಿ ಇರಬೇಕು. 1 ಮೀಟರ್ ಲೋಲಕ ಒಂದು ಸಲ ಹೋಗಿ ಬರಲು ಸುಮಾರು 2.0 ಸೆಕೆಂಡು ತೆಗೆದುಕೊಳ್ಳುತ್ತದೆ, ನಡುವಿನಲ್ಲಿ ಹಾಯುವಾಗ ವೇಗ ಸೆಕೆಂಡಿಗೆ ಸುಮಾರು 31 ಸೆಂಟಿಮೀಟರ್. ಹಣ್ಣಿನ ಪಕ್ಕದಲ್ಲೇ, ಅಷ್ಟೇ ದೂರದಲ್ಲಿ, ಒಂದು ಸ್ಕೇಲು ನಿಲ್ಲಿಸಿ 1 ಪಿಕ್ಸೆಲ್ ಅಂದರೆ ಎಷ್ಟು ಮಿಲಿಮೀಟರ್ ಎಂದು ತಿಳಿದುಕೊಳ್ಳಿ. 1 ಪಿಕ್ಸೆಲ್‌ಗೆ 1 ಮಿಲಿಮೀಟರ್ ಇದ್ದು, ಸೆಕೆಂಡಿಗೆ 30 ಫ್ರೇಮ್ ಇದ್ದರೆ, ನಡುವಿನಲ್ಲಿ ಫ್ರೇಮಿಗೆ ಸುಮಾರು 10 ಪಿಕ್ಸೆಲ್ ಬರಬೇಕು.

ಅವಧಿ 2.0 ಸೆಕೆಂಡು ಬರದಿದ್ದರೆ ತಪ್ಪು ಕಾಲದ್ದು. ಅವಧಿ ಸರಿಯಿದ್ದು ವೇಗ ಮಾತ್ರ ಹೊಂದದಿದ್ದರೆ ತಪ್ಪು ಅಳತೆಯದ್ದು ಅಥವಾ ಟ್ರ್ಯಾಕಿಂಗಿನದು. ಈ ಪರೀಕ್ಷೆ ನನಗೆ ಇಷ್ಟವಾಗುವುದು ಎರಡನ್ನೂ ಹೀಗೆ ಬೇರೆ ಬೇರೆ ಮಾಡಿ ತೋರಿಸುತ್ತದೆ ಎಂಬ ಕಾರಣಕ್ಕೆ. ಕಾಲದ ತಪ್ಪಿಗೆ ಸಾಮಾನ್ಯ ಕಾರಣ ಮೊಬೈಲೇ. ಎಷ್ಟೋ ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮುಗಳ ನಡುವಿನ ಅಂತರವನ್ನು ಹಿಗ್ಗಿಸಿ ಕುಗ್ಗಿಸುತ್ತವೆ. 30 ಎಂದು ನಂಬದೆ ಪ್ರತಿ ಫ್ರೇಮಿನ ಸಮಯವನ್ನೇ ಓದಿಕೊಳ್ಳಿ. ಸ್ಲೋ ಮೋಷನ್‌ನಲ್ಲಿ 240ರ ವೇಗದಲ್ಲಿ ಹಿಡಿದು 30ರ ವೇಗಕ್ಕೆ ಉಳಿಸಿದ ಫೈಲಾದರೆ ವೇಗ ಎಂಟು ಪಟ್ಟು ಕಡಿಮೆ ಕಾಣುತ್ತದೆ. ರಾತ್ರಿ ದೀಪದ ಕೆಳಗೆ ಮಾಡಬೇಡಿ. ನಮ್ಮ 50 ಹರ್ಟ್ಸ್ ಕರೆಂಟಿನಲ್ಲಿ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ, ಕಣ್ಣಿಗೆ ಕಾಣದಿದ್ದರೂ ಕ್ಯಾಮೆರಾಗೆ ಕಾಣುತ್ತದೆ.

ನಾಲೆಯ ಮೇಲೆ

ಮೊದಲ ಸಲಕ್ಕೆ ಒಂದೆರಡು ಮೀಟರ್ ಅಗಲದ, ಮೊಣಕಾಲುದ್ದ ನೀರಿನ, ನೇರವಾಗಿ ಹರಿಯುವ ಕಾಲುವೆ ಆರಿಸಿ. ದೊಡ್ಡ ನಾಲೆಯ ಸಿಮೆಂಟ್ ಇಳಿಜಾರು ಪಾಚಿ ಕಟ್ಟಿ ಜಾರುತ್ತದೆ, ಇಳಿದರೆ ಹತ್ತುವುದು ಕಷ್ಟ. ಅಲ್ಲಿ ಈ ಪ್ರಯೋಗ ಬೇಡವೇ ಬೇಡ.

ಮೋರಿಯ ಮೇಲೆ ಟ್ರೈಪಾಡ್ ಇಟ್ಟು ಆದಷ್ಟು ಮೇಲಿನಿಂದ ಕೆಳಕ್ಕೆ ನೋಡುವಂತೆ ಫೋನ್ ಕೂರಿಸಿ. ತೀರಾ ಓರೆಯಾದರೆ ದೂರದ ನೀರು ನಾಲ್ಕು ಪಿಕ್ಸೆಲ್‌ಗೆ ಮುದುಡುತ್ತದೆ. ಸ್ಟೆಬಿಲೈಸೇಷನ್ ಆಫ್ ಮಾಡಿ. ಅದು ನೀರಿನ ಚಲನೆಯನ್ನೇ ಕೈ ನಡುಕ ಎಂದು ತಿಳಿದು ಚಿತ್ರವನ್ನು ಎಳೆದಾಡಬಲ್ಲದು. ಫೋಕಸ್, ಎಕ್ಸ್‌ಪೋಷರ್ ಎರಡನ್ನೂ ಲಾಕ್ ಮಾಡಿ. ಮೆಸೇಜ್ ಆ್ಯಪ್‌ನಲ್ಲಿ ಯಾರೋ ಕಳಿಸಿದ ವಿಡಿಯೊ ಬಳಸಬೇಡಿ. ಫೈಲ್ ಕುಗ್ಗಿಸುವಾಗ ಹೆಚ್ಚು ಬದಲಾಗದ ಜಾಗಗಳನ್ನು ಹಿಂದಿನ ಫ್ರೇಮಿನಿಂದ ಹಾಗೇ ನಕಲು ಮಾಡುತ್ತಾರೆ, ನಮಗೆ ಬೇಕಾದ ಸಣ್ಣ ಅಲೆಗಳು ಅಳಿಸಿಹೋಗುವುದು ಅಲ್ಲೇ.

ನೀರು ದಡ ಮುಟ್ಟುವ ಜಾಗದಲ್ಲೇ, ಎರಡು ಈಚೆ, ಎರಡು ಆಚೆ, ನಾಲ್ಕು ಗೂಟ ನೆಡಿ. ಏರಿಯ ಮೇಲಲ್ಲ, ನೀರಿನ ಮಟ್ಟದಲ್ಲಿ. ನಾಲ್ಕು ಬದಿ, ಎರಡು ಕರ್ಣ, ಒಟ್ಟು ಆರು ಅಳತೆ ಟೇಪಿನಲ್ಲಿ ತೆಗೆಯಿರಿ. ಒಂದು ಗೂಟವನ್ನು ಸೊನ್ನೆ ಎಂದಿಟ್ಟುಕೊಂಡು ತ್ರಿಕೋನದ ಲೆಕ್ಕದಲ್ಲಿ ಉಳಿದ ಮೂರರ ಸ್ಥಾನ ಮೀಟರಿನಲ್ಲಿ ಸಿಗುತ್ತದೆ. ಇವುಗಳನ್ನೂ, ಚಿತ್ರದಲ್ಲಿ ಅವು ಬಿದ್ದ ಪಿಕ್ಸೆಲ್‌ಗಳನ್ನೂ ‘ಗೆಟ್ ಪರ್ಸ್‌ಪೆಕ್ಟಿವ್ ಟ್ರಾನ್ಸ್‌ಫಾರ್ಮ್’ಗೆ ಕೊಟ್ಟರೆ, ನೀರಿನ ಮೇಲ್ಮೈಯ ಯಾವ ಪಿಕ್ಸೆಲನ್ನಾದರೂ ಮೀಟರಿಗೆ ಬದಲಿಸುವ ಕೀಲಿಕೈ ಕೈಗೆ ಬರುತ್ತದೆ. ಇಡೀ ಚಿತ್ರವನ್ನೇ ನೇರಮಾಡಿ ಆಮೇಲೆ ಫ್ಲೋ ಹುಡುಕುವವರಿದ್ದಾರೆ. ನನಗೆ ಅದು ಹಿಡಿಸುವುದಿಲ್ಲ, ಎಳೆದ ಚಿತ್ರ ಮಸುಕಾಗುತ್ತದೆ. ಮೂಲ ಚಿತ್ರದಲ್ಲೇ ಟ್ರ್ಯಾಕ್ ಮಾಡಿ, ಶುರುವಿನ ಮತ್ತು ಕೊನೆಯ ಬಿಂದುಗಳನ್ನು ಮಾತ್ರ ಮೀಟರಿಗೆ ತಿರುಗಿಸುವುದು ಮೇಲು.

ಇನ್ನು ಪುರಿ. ಕಂದು ನೀರಿನ ಮೇಲೆ ಬಿಳಿ ಕಡ್ಲೆಪುರಿಯಷ್ಟು ಚೆನ್ನಾಗಿ ಕಾಣುವ, ಅಗ್ಗದ, ನೀರಿಗೆ ವಿಷವಾಗದ ವಸ್ತು ಇನ್ನೊಂದಿಲ್ಲ. ಮಂಡಕ್ಕಿ ಎನ್ನುವ ಕಡೆಯವರು ಮಂಡಕ್ಕಿ ತನ್ನಿ. ಭತ್ತದ ಹೊಟ್ಟೂ ಆಗುತ್ತದೆ, ಆದರೆ ಕಂದು ನೀರಿನಲ್ಲಿ ಅದರ ಬಣ್ಣ ಮುಚ್ಚಿಹೋಗುತ್ತದೆ. ಕ್ಯಾಮೆರಾ ನೋಡುವ ಜಾಗಕ್ಕಿಂತ ನಾಲ್ಕೈದು ಮೀಟರ್ ಮೇಲೆ, ಕಾಲುವೆಯ ಅಗಲಕ್ಕೂ ಹರಡುವಂತೆ ಒಬ್ಬರು ಹಿಡಿ ಹಿಡಿಯಾಗಿ ಎರಚುತ್ತಿರಲಿ.

ಪುರಿ ಯಾಕೆ ಬೇಕು? ಪುರಿ ಇಲ್ಲದ ನೀರಿನಲ್ಲಿ ಆಲ್ಗಾರಿದಮ್ ನೋಡುವುದು ನೀರನ್ನಲ್ಲ. ದಡದ ತೆಂಗಿನ ಮರದ ನೆರಳು, ಮೋಡದ ಪ್ರತಿಬಿಂಬ, ಕಲ್ಲಿನ ಹಿಂದೆ ನಿಂತಲ್ಲೇ ನಿಂತ ಅಲೆ, ಇವೆಲ್ಲ ನೀರಿನ ಜೊತೆ ಹರಿಯುವುದಿಲ್ಲ. ಗಾಳಿ ಎಬ್ಬಿಸಿದ ಕಿರು ಅಲೆಗಳು ನೀರಿನ ವೇಗ ಬಿಟ್ಟು ತಮ್ಮದೇ ವೇಗದಲ್ಲಿ ಓಡುತ್ತವೆ. ಕನ್ನಡಿಯಂಥ ಜಾಗಗಳು ಗೋಡೆಯ ಫೋಟೊದ ಹಾಗೆ ಸೊನ್ನೆ ಎನ್ನುತ್ತವೆ. ನಾನು ಮೊದಲ ಸಲ ಮಾಡಿದ್ದು ಫಾರ್ನೆಬ್ಯಾಕ್ ಓಡಿಸಿ ನೀರಿನ ಭಾಗದ ಎಲ್ಲ ಪಿಕ್ಸೆಲ್‌ಗಳ ಸರಾಸರಿ ತೆಗೆದದ್ದು. ಸೊನ್ನೆಗಳೆಲ್ಲ ಸೇರಿ ಸರಾಸರಿಯನ್ನು ಕೆಳಗೆಳೆದವು.

ಹಾಗಾಗಿ ಇಲ್ಲಿ ಲ್ಯೂಕಾಸ್ ಕನಾಡೆಯೇ ಸರಿ. ‘ಗುಡ್ ಫೀಚರ್ಸ್ ಟು ಟ್ರ್ಯಾಕ್’ಗೆ ನೀರಿನ ಭಾಗವನ್ನು ಮಾತ್ರ ನೋಡು ಎನ್ನುವ ಮಾಸ್ಕ್ ಕೊಟ್ಟು 300 ಬಿಂದು ಕೇಳಿ, ಗುಣಮಟ್ಟ 0.01, ಬಿಂದುಗಳ ನಡುವೆ ಕನಿಷ್ಠ 7 ಪಿಕ್ಸೆಲ್. ಪುರಿ ಕಾಳುಗಳ ಮೇಲೇ ಹೆಚ್ಚಿನವು ಕೂರುತ್ತವೆ. ಆಮೇಲೆ ‘ಕ್ಯಾಲ್ಕ್ ಆಪ್ಟಿಕಲ್ ಫ್ಲೋ ಪಿರ್ ಎಲ್‌ಕೆ’, ಕಿಟಕಿ 21ಕ್ಕೆ 21, ಮಟ್ಟ 3. ಪುರಿ ಫ್ರೇಮಿನಿಂದ ಹೊರಗೆ ಹೋಗುತ್ತಲೇ ಇರುತ್ತದೆ, ಅದಕ್ಕೆ 10 ಫ್ರೇಮಿಗೊಮ್ಮೆ ಹೊಸ ಬಿಂದು ಹುಡುಕಿ. ಬಿಂದು ಸಿಕ್ಕಿತು ಎಂದು ಫಂಕ್ಷನ್ ಕೊಡುವ ‘ಸ್ಟೇಟಸ್ 1’ ನೋಡಿ ನಂಬಬೇಡಿ, ಅದು ಬಹಳ ಉದಾರಿ. ಪ್ರತಿ ಬಿಂದುವನ್ನು ಮುಂದಿನ ಫ್ರೇಮಿಗೆ ಒಯ್ದು, ಅಲ್ಲಿಂದ ಮತ್ತೆ ಹಿಂದಿನ ಫ್ರೇಮಿಗೆ ತನ್ನಿ. ಹೊರಟ ಜಾಗದಿಂದ ಅರ್ಧ ಪಿಕ್ಸೆಲ್‌ಗಿಂತ ದೂರ ಬಂದು ಬಿದ್ದರೆ ಅದನ್ನು ಬಿಟ್ಟುಬಿಡಿ. ‘ಗೊತ್ತಿಲ್ಲ’ ಎನ್ನುವುದನ್ನು ಈ ಲೆಕ್ಕಕ್ಕೆ ನಾವು ಕಲಿಸುವ ಬಗೆ ಇದು.

ದಡದ ಮೇಲಿನ ಕಲ್ಲು, ಗೂಟಗಳ ಮೇಲೂ ಕೆಲವು ಬಿಂದು ಇಡಿ. ಅವುಗಳ ವೇಗ ಸೊನ್ನೆ ಇರಬೇಕು. ಇಲ್ಲದಿದ್ದರೆ ಟ್ರೈಪಾಡ್ ಅಲುಗಿದೆ ಎಂದರ್ಥ.

ಫ್ರೇಮಿಗೆ ಎಷ್ಟು ಪಿಕ್ಸೆಲ್ ಸರಿಯುತ್ತಿದೆ ಎಂಬುದನ್ನೂ ಗಮನಿಸಿ. 1 ಪಿಕ್ಸೆಲ್‌ಗೆ 1 ಸೆಂಟಿಮೀಟರ್ ಇದ್ದು, ನೀರು ಸೆಕೆಂಡಿಗೆ 0.6 ಮೀಟರ್ ಹೋಗುತ್ತಿದ್ದರೆ, 30 ಫ್ರೇಮಿನ ವಿಡಿಯೊದಲ್ಲಿ ಫ್ರೇಮಿಗೆ 2 ಪಿಕ್ಸೆಲ್. ಟ್ರ್ಯಾಕಿಂಗ್ 0.1 ಪಿಕ್ಸೆಲ್ ತಪ್ಪಿದರೂ ಶೇಕಡಾ 5ರ ತಪ್ಪು. ಮೂರು ಫ್ರೇಮಿಗೊಮ್ಮೆ ಹೋಲಿಸಿದರೆ 6 ಪಿಕ್ಸೆಲ್ ಆಗಿ ತಪ್ಪು ಶೇಕಡಾ 2ರ ಒಳಗೆ ಬರುತ್ತದೆ. ಹತ್ತು ಫ್ರೇಮ್ ಬಿಟ್ಟು ಹೋಲಿಸುವ ದುರಾಸೆ ಬೇಡ, ಅಷ್ಟರಲ್ಲಿ ಒಂದು ಪುರಿ ತಿರುಗಿ ಇನ್ನೊಂದರಂತೆ ಕಾಣತೊಡಗುತ್ತದೆ.

ಬಣ್ಣದ ಚಿತ್ರ ಮಾಡಿ ನೋಡುವವರಿಗೊಂದು ಮಾತು. ದಿಕ್ಕಿಗೆ ಬಣ್ಣ, ವೇಗಕ್ಕೆ ಹೊಳಪು ಕೊಟ್ಟು ತೋರಿಸುವ ಮಾದರಿ ಕೋಡ್ ಎಲ್ಲೆಡೆ ಸಿಗುತ್ತದೆ. ಅದು ಪ್ರತಿ ಫ್ರೇಮಿನ ಅತಿ ಹೆಚ್ಚು ವೇಗವನ್ನು 255ಕ್ಕೆ ಎಳೆದು ಹೊಂದಿಸುತ್ತದೆ. ಏನೂ ಅಲುಗದ ಫ್ರೇಮಿನಲ್ಲೂ ಬರೀ ನಾಯ್ಸ್ ಹೋಳಿ ಹಬ್ಬದಂತೆ ಕಾಣಲು ಇದೇ ಕಾರಣ. ಗರಿಷ್ಠ ವೇಗವನ್ನು ನೀವೇ ಒಂದು ಅಂಕಿಗೆ ಕಟ್ಟಿಹಾಕಿ.

ರಾಫ್ಟ್ ಬಳಸಬಾರದೇ?

ಬಳಸಿ ನೋಡಿ. 2020ರಲ್ಲಿ ಪ್ರಿನ್ಸ್‌ಟನ್‌ನಿಂದ ಬಂದ, ಆಪ್ಟಿಕಲ್ ಫ್ಲೋ ಹುಡುಕುವ ಈ ನ್ಯೂರಲ್ ನೆಟ್‌ವರ್ಕ್ ಪೈಟಾರ್ಚ್‌ನ ಟಾರ್ಚ್‌ವಿಷನ್‌ನಲ್ಲಿ ಸಿದ್ಧವಾಗಿ ಸಿಗುತ್ತದೆ. ಚಿತ್ರದ ಉದ್ದ ಅಗಲ 8ರಿಂದ ಭಾಗವಾಗುವಂತೆ ಇರಲಿ, ಜಿಪಿಯು ಇದ್ದರೆ ಒಳ್ಳೆಯದು. ಜನ, ವಾಹನ, ದೊಡ್ಡ ಚಲನೆ ಇರುವ ವಿಡಿಯೊಗಳಲ್ಲಿ ಫಾರ್ನೆಬ್ಯಾಕ್ ಇದರ ಹತ್ತಿರವೂ ಸುಳಿಯಲಾರದು. ಆದರೆ ಇದು ಕಲಿಯಲು ಶುರು ಮಾಡಿದ್ದು ಕಂಪ್ಯೂಟರಿನಲ್ಲಿ ತಯಾರಿಸಿದ, ಫೋಟೊಗಳ ಮೇಲೆ ಕುರ್ಚಿಗಳು ಹಾರಾಡುವ ಚಿತ್ರಗಳಿಂದ. ಹಾರುವ ಕುರ್ಚಿ ನೋಡಿ ಬೆಳೆದವನನ್ನು ಕೆಸರು ನೀರಿನ ಬಗ್ಗೆ ಕೇಳುವಾಗ ಎಚ್ಚರ ಇರಲಿ. ನಯವಾದ ನೀರಿನ ಮೇಲೂ ಅದು ಅಚ್ಚುಕಟ್ಟಾದ ಊಹೆಯೊಂದನ್ನು ಹಾಸಿಬಿಡುತ್ತದೆ. ಫಾರ್ನೆಬ್ಯಾಕ್‌ನ ಸೊನ್ನೆಯಾದರೂ ಸುಲಭವಾಗಿ ಸಿಕ್ಕಿಬೀಳುತ್ತದೆ, ಇದರ ತಪ್ಪು ಸಿಕ್ಕಿಬೀಳುವುದಿಲ್ಲ.

ವೇಗದಿಂದ ಕ್ಯೂಸೆಕ್‌ಗೆ

ಕಾಲುವೆಯ ಅಗಲವನ್ನು ಐದಾರು ಪಟ್ಟಿಗಳಾಗಿ ಮಾಡಿ, ಪ್ರತಿ ಪಟ್ಟಿಯಲ್ಲಿ ಸಿಕ್ಕ ವೇಗಗಳ ಮಧ್ಯಾಂಕ ತೆಗೆಯಿರಿ. ಸರಾಸರಿ ಬೇಡ; ಒಂದು ತಪ್ಪು ಟ್ರ್ಯಾಕ್ ಅದನ್ನು ಕೆಡಿಸಿಬಿಡುತ್ತದೆ. ದಡದ ಹತ್ತಿರ ವೇಗ ಕಡಿಮೆ, ನಡುವೆ ಹೆಚ್ಚು ಬರಬೇಕು. ಇದಕ್ಕೆ ಉಲ್ಟಾ ಬಂದರೆ ಲೆಕ್ಕ ಬಿಟ್ಟು ವಿಡಿಯೊ ನೋಡಿ.

ಈಗ ತಾಳೆ. 10 ಮೀಟರ್ ದೂರ ಗುರುತು ಮಾಡಿ, ಕಾಲುವೆಯ ನಡುವೆ ಕಿತ್ತಳೆ ಹಣ್ಣೊಂದನ್ನು ಬಿಟ್ಟು ಗಡಿಯಾರ ಹಿಡಿಯಿರಿ. ಕಿತ್ತಳೆ ಬಹುಪಾಲು ಮುಳುಗಿ ತೇಲುವುದರಿಂದ ಗಾಳಿಗೆ ಸಿಗುವುದು ಕಡಿಮೆ. ಐದು ಸಲ ಬಿಡಿ. ನೀರಿನ ವೇಗ 0.6 ಆಗಿದ್ದರೆ ಸುಮಾರು 17 ಸೆಕೆಂಡು. ಇದನ್ನು ನಡುವಿನ ಪಟ್ಟಿಯ ವೇಗದ ಜೊತೆ ಮಾತ್ರ ಹೋಲಿಸಿ, ಇಡೀ ಕಾಲುವೆಯ ಜೊತೆಯಲ್ಲ. ಎರಡೂ ಹತ್ತಿರ ಬಂದರೆ ಮುಂದೆ ಹೋಗಿ.

ನಮ್ಮ ಕೈಯಲ್ಲಿರುವುದು ಮೇಲ್ಮೈ ವೇಗ. ತಳದ ಹತ್ತಿರ ನೀರು ನಿಧಾನ. ಆಳದ ಉದ್ದಕ್ಕೂ ಸರಾಸರಿ ಬೇಕೆಂದರೆ ಮೇಲ್ಮೈ ವೇಗವನ್ನು ಸಾಮಾನ್ಯವಾಗಿ 0.85ರಿಂದ ಗುಣಿಸುತ್ತಾರೆ, ತಳ ಒರಟಾಗಿ, ಕಳೆ ತುಂಬಿದ್ದರೆ ಇದು ಬದಲಾಗುತ್ತದೆ. 2 ಮೀಟರ್ ಅಗಲ, ಸರಾಸರಿ ಅರ್ಧ ಮೀಟರ್ ಆಳ ಇದ್ದರೆ ಅಡ್ಡಕೊಯ್ತ 1 ಚದರ ಮೀಟರ್. ಪಟ್ಟಿಗಳೆಲ್ಲ ಸೇರಿ ಮೇಲ್ಮೈ ವೇಗ 0.6 ಬಂದರೆ, 0.85ರಿಂದ ಗುಣಿಸಿ ಸೆಕೆಂಡಿಗೆ 0.51 ಘನ ಮೀಟರ್, ಅಂದರೆ 510 ಲೀಟರ್. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಸುಮಾರು 28.3 ಲೀಟರ್, ಹಾಗಾಗಿ 18 ಕ್ಯೂಸೆಕ್. ಆಳವನ್ನು ಒಂದೇ ಕಡೆ ಅಳೆದು ಮುಗಿಸಬೇಡಿ, ಪ್ರತಿ ಪಟ್ಟಿಯಲ್ಲೂ ಕೋಲು ಇಳಿಸಿ. ಇಷ್ಟೆಲ್ಲ ಮಾಡಿ ವೇಗವನ್ನು ಶೇಕಡಾ 5ಕ್ಕೆ ತಂದವರು ಆಳದಲ್ಲಿ ಶೇಕಡಾ 20 ಕಳೆದುಕೊಳ್ಳುವುದು ಸುಲಭ.

ಮೇಲಿನ ಮೋರಿಯಲ್ಲೂ ಕೊನೆ ಭಾಗದ ಮೋರಿಯಲ್ಲೂ ಒಂದೇ ಬೆಳಗ್ಗೆ, ಗಾಳಿ ಏಳುವ ಮೊದಲು, ಇಬ್ಬರು ಬೇರೆ ಬೇರೆ ಫೋನಿನಲ್ಲಿ ಹಿಡಿಯಿರಿ. ಎರಡೂ ಫೋನುಗಳಿಗೆ ನಿಂಬೆಹಣ್ಣಿನ ಪರೀಕ್ಷೆ ಆಗಿರಲಿ. ಪುರಿ ಎರಡು ಸೇರು ಹೆಚ್ಚಿಗೇ ತನ್ನಿ, ಎರಚುವವರು ಮಧ್ಯೆ ಮಧ್ಯೆ ತಿನ್ನುತ್ತಾರೆ.